ನೆಟ್ಟಗೆ ನಡೆದ ತಪ್ಪಿಗೆ

ಎರಡನೇ ಸಲವೂ ಆಗುವುದಿಲ್ಲ ಎಂದು ಬರೆದ ಕಾಗದ ಬಂದಾಗ ಸೀಟಕ್ಕ ಲಾರಿಯೊಂದರ ಡ್ರೈವರ್ ಸೀಟಿಗೆ ರೆಕ್ಸಿನ್ ಎಳೆದು ಮೊಳೆ ಹೊಡೆಯುತ್ತಿದ್ದಳು. ತುಟಿಗಳ ನಡುವೆ ಒಂದಷ್ಟು ಮೊಳೆ, ಬಲಗೈಯಲ್ಲಿ ಸುತ್ತಿಗೆ, ಎಡಗೈ ಮುಷ್ಟಿಯಲ್ಲಿ ರೆಕ್ಸಿನ್ನಿನ ಅಂಚು. ಅಂಚೆಯವನು ಲಕೋಟೆಯನ್ನು ಹೊಲಿಗೆ ಯಂತ್ರದ ಮೇಲಿಟ್ಟು, ಅವಳ ಮುಖ ನೋಡಿ, ನಿಲ್ಲದೆ ಹೊರಟುಹೋದ. ಎಳೆದ ರೆಕ್ಸಿನ್ನನ್ನು ಅರ್ಧಕ್ಕೆ ಬಿಟ್ಟರೆ ಸುಕ್ಕು ಬೀಳುತ್ತದೆ. ಅದಕ್ಕಾಗಿ ಆ ಬದಿಯನ್ನು ಪೂರ್ತಿ ಮುಗಿಸಿಯೇ ಅವಳು ಕಾಗದ ಬಿಡಿಸಿದಳು.

ಅರ್ಜಿದಾರರ ಬೆನ್ನು ನೆಟ್ಟಗಿದೆ, ನಡಿಗೆ ಲವಲವಿಕೆಯಿಂದ ಕೂಡಿದೆ, ಮಾತು ಸ್ಪಷ್ಟವಾಗಿದೆ ಎಂದು ಅದರಲ್ಲಿತ್ತು. ಸೇವೆಯಲ್ಲಿದ್ದಷ್ಟು ಕಾಲ ಒಮ್ಮೆಯೂ ಆಸ್ಪತ್ರೆಗೆ ಸೇರಿದ ದಾಖಲೆ ಇಲ್ಲ. ಆದ್ದರಿಂದ ಶ್ವಾಸಕೋಶದ ಕಾಯಿಲೆಗೂ ಹೃದಯದ ಕಾಯಿಲೆಗೂ ಸೇನೆಯ ಕೆಲಸಕ್ಕೂ ಸಂಬಂಧ ಕಾಣುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಕೊನೆಯದಾಗಿ ಇನ್ನೊಂದು ಸಲ ಮಂಡಳಿಯ ಮುಂದೆ ಬರಬಹುದು.

ಸೀಟಕ್ಕ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡಳು. "ಲವಲವಿಕೆಯಂತೆ" ಎಂದಳು.

ಆ ಲವಲವಿಕೆಯ ಮನುಷ್ಯ, ಅವಳ ಗಂಡ, ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಬಸ್ಸಿನ ಸೀಟೊಂದರ ಮೇಲೆ ಕೂತಿದ್ದ. ಆಗಷ್ಟೇ ಸ್ನಾನ ಮುಗಿಸಿ ಬಂದಿದ್ದ. ಅಂಗಿ ತೊಟ್ಟಾಗಿತ್ತು, ಗುಂಡಿ ಹಾಕಿಕೊಳ್ಳಲು ಇನ್ನೂ ಉಸಿರು ಒದಗಿರಲಿಲ್ಲ. ಎರಡು ಕೈಗಳನ್ನೂ ಮೊಣಕಾಲಿಗೆ ಊರಿ, ಬಾವಿಯಿಂದ ನೀರು ಸೇದುವವನ ಹಾಗೆ ಒಂದೊಂದೇ ಉಸಿರನ್ನು ಮೇಲಕ್ಕೆಳೆಯುತ್ತಿದ್ದ.

ಸೀಟಕ್ಕ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಲಾರಿಯವರು ಇಟ್ಟದ್ದು. ಹೆದ್ದಾರಿ ಬದಿಯ ಗ್ಯಾರೇಜುಗಳ ಸಾಲಿನಲ್ಲಿ ಸೀಟು ಹೊಲಿಯುವ ಹೆಂಗಸು ಅವಳೊಬ್ಬಳೇ. ಗಂಡ ದೂರದ ಸೇನಾ ಠಾಣೆಗಳಲ್ಲಿದ್ದ ವರ್ಷಗಳಲ್ಲಿ ಸುಮ್ಮನೆ ಕೂರಲಾರದೆ ಸೋದರಮಾವನ ಅಂಗಡಿಗೆ ಬಂದು ದಾರ ಪೋಣಿಸಿಕೊಡಲು ಶುರು ಮಾಡಿದವಳು, ಮಾವನ ಕಣ್ಣು ಮಂಜಾದಾಗ ಕತ್ತರಿಯನ್ನೇ ಕೈಗೆತ್ತಿಕೊಂಡಳು. ಅವಳ ಬಾಯಿ ಸೂಜಿಗಿಂತ ಚೂಪು ಎಂದು ಸಾಲಿನವರು ಹೇಳುತ್ತಿದ್ದರು. ಹಾಗೆ ಹೇಳಿದವರ ಸೀಟೂ ಅವಳೇ ಹೊಲಿದದ್ದು. ಅಳತೆಗೆ ಬಂದ ಡ್ರೈವರ್ ಎದೆ ಸೆಟೆದು ಕೂತರೆ ಅವಳು ಟೇಪು ಮಡಚಿಬಿಡುವಳು. ಫೋಟೋಕ್ಕೆ ಕೂತಂತೆ ಕೂರಬೇಡ, ಗಾಡಿ ಓಡಿಸುವಾಗ ಹೇಗೆ ಸೊಟ್ಟಗೆ ಕೂರುತ್ತೀಯೋ ಹಾಗೇ ಕೂರು, ನಿನ್ನ ಬೆನ್ನುನೋವಿಗೆ ಸೀಟು ಬೇಕೋ ನಿನ್ನ ಜಂಬಕ್ಕೆ ಬೇಕೋ ಎಂದು ಕೇಳುವಳು.

ಗಂಡನನ್ನು ಬೀದಿಯವರೆಲ್ಲ ಮಿಲಿಟ್ರಿ ಎನ್ನುತ್ತಿದ್ದರು. ಬಂದೂಕಿನ ಸಾಹಸದ ಕತೆ ಕೇಳಲು ಬಂದವರಿಗೆ ಅವನಿಂದ ನಿರಾಸೆಯೇ ಆಗುತ್ತಿತ್ತು. ಅವನ ಸೇವೆಯ ಬಹುಪಾಲು ಕಳೆದದ್ದು ಜನರೇಟರಿನ ಪಕ್ಕದಲ್ಲಿ. ಬೆಟ್ಟದ ನೆತ್ತಿಯ ಠಾಣೆಯಲ್ಲಿ ಜನರೇಟರನ್ನು ಬಯಲಿನಲ್ಲಿಟ್ಟರೆ ಡೀಸೆಲ್ ಗಟ್ಟಿಯಾಗುತ್ತದೆಂದು ನೆಲದೊಳಗೆ ಕೋಣೆ ತೋಡಿ ಇಟ್ಟಿದ್ದರು. ಹೊಗೆ ಹೋಗಲು ಒಂದು ಕೊಳವೆ. ಅದರ ಬಾಯಿಗೆ ಹಿಮ ಕಟ್ಟಿದರೆ ಹೊಗೆಯೆಲ್ಲ ಒಳಕ್ಕೇ ತಿರುಗುತ್ತಿತ್ತು. ಮೇಲೆ ಹೋಗಿ ಹಿಮ ಒಡೆದು ಬಂದು ಮತ್ತೆ ಕೂರಬೇಕು. ಯಂತ್ರ ನಿಂತರೆ ಠಾಣೆಯ ರೇಡಿಯೋ ನಿಲ್ಲುತ್ತದೆ, ಹೀಟರ್ ನಿಲ್ಲುತ್ತದೆ, ಆದ್ದರಿಂದ ಅದನ್ನು ಬಿಟ್ಟು ಕದಲುವಂತಿಲ್ಲ. ಮಲಗುವುದೂ ಅಲ್ಲೇ. ಬೆಚ್ಚಗಿರುತ್ತದೆಂದು ಉಳಿದವರು ಅವನ ಅದೃಷ್ಟಕ್ಕೆ ಕರುಬುತ್ತಿದ್ದರಂತೆ. ರಜೆಗೆ ಬಂದಾಗ ಅವನ ಕರ್ಚೀಫುಗಳನ್ನು ಒಗೆದೊಗೆದು ಸೀಟಕ್ಕನ ಕೈ ಸೋಲುತ್ತಿತ್ತು, ಮಸಿ ಮಾತ್ರ ಬಿಡುತ್ತಿರಲಿಲ್ಲ. ಮೂಗಿನಲ್ಲೇ ಇಷ್ಟು ಕಾಡಿಗೆ ಇರುವಾಗ ನೀನು ಅಂಗಡಿಯಲ್ಲಿ ಕೊಳ್ಳುವುದೇಕೆ ಎಂದು ಅವನು ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಆಗ ಇಬ್ಬರಿಗೂ ಅದು ನಗುವ ವಿಷಯವೇ ಆಗಿತ್ತು.

ಸೇವೆ ಮುಗಿದು ಬಿಡುಗಡೆಯಾಗುವ ಹೊತ್ತಿಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೈಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಡಾಕ್ಟರು ಕೇಳಿದರು. ಇದೆ ಎಂದವರನ್ನು ತಪಾಸಣೆಗೆಂದು ವಾರಗಟ್ಟಲೆ ಹಿಡಿದಿಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಮನೆಗೆ ಹೋಗುವ ರೈಲು ಮರುದಿನ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ "ಇಲ್ಲ ಸರ್" ಎಂದರು. ಅವನು ಉಳಿದವರಿಗಿಂತ ಸ್ವಲ್ಪ ಗಟ್ಟಿಯಾಗಿಯೇ ಅಂದನಂತೆ.

ಊರಿಗೆ ಬಂದ ಮೇಲೆ ಕೆಮ್ಮು ಬಂತು. ಕೆಮ್ಮಿನ ಹಿಂದೆ ಏದುಸಿರು ಬಂತು. ಆಮೇಲೆ ಕಾಲು ಊದತೊಡಗಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಸೀಟಕ್ಕನಿಗೆ ತಿಳಿಯುವಂತೆ ಹೇಳಿದಳು: ಶ್ವಾಸಕೋಶ ಮತ್ತು ಹೃದಯ ಒಂದೇ ನೊಗದ ಜೋಡೆತ್ತುಗಳಿದ್ದ ಹಾಗೆ, ಒಂದು ಕುಂಟಿದರೆ ಅದರ ಭಾರವನ್ನೂ ಇನ್ನೊಂದು ಎಳೆಯಬೇಕು, ಎಳೆದೆಳೆದು ಅದೂ ಸೋಲುತ್ತದೆ. ವರ್ಷಗಟ್ಟಲೆ ಹೊಗೆ ಕುಡಿದ ಎದೆ ಇದು ಎಂದು ಚೀಟಿಯಲ್ಲಿ ಬರೆದೂ ಕೊಟ್ಟಳು. ಮನೆಯಲ್ಲಿ ಆಮ್ಲಜನಕದ ಯಂತ್ರ ಇರಬೇಕು, ಗುಳಿಗೆ ತಪ್ಪಬಾರದು ಎಂದಳು. ಸೇನೆಯಿಂದಲೇ ಬಂದ ಕಾಯಿಲೆ ಎಂದು ಮಂಡಳಿ ಒಪ್ಪಿದರೆ ಇದೆಲ್ಲವನ್ನೂ ಸೇನೆಯ ಆಸ್ಪತ್ರೆ ಬದುಕಿರುವ ತನಕ ನೋಡಿಕೊಳ್ಳುತ್ತದೆ. ಒಪ್ಪದಿದ್ದರೆ ಸೀಟಕ್ಕನ ಸೂಜಿ ಎಷ್ಟು ಹೊಲಿಯುತ್ತದೋ ಅಷ್ಟೇ ಉಸಿರು. ಸೂಜಿ ಈಗಾಗಲೇ ಹಿಂದೆ ಬಿದ್ದಿತ್ತು.

ಹೀಗೆ ಶುರುವಾದದ್ದು ಬೋರ್ಡಿನ ಓಡಾಟ. ಮಂಡಳಿಯನ್ನು ಅಲ್ಲಿ ಎಲ್ಲರೂ ಬೋರ್ಡು ಎಂದೇ ಕರೆಯುತ್ತಿದ್ದರು.

ಮೊದಲ ಸಲ ಹೋದಾಗ ಸೀಟಕ್ಕನನ್ನು ಒಳಗೆ ಬಿಡಲಿಲ್ಲ. ಗಾಜಿನ ಬಾಗಿಲ ಹೊರಗೆ ನಿಂತು ನೋಡಿದಳು. ಉದ್ದನೆಯ ಪಡಸಾಲೆ, ಒಂದು ತುದಿಯಲ್ಲಿ ಮೇಜು, ಮೇಜಿನ ಹಿಂದೆ ಸಮವಸ್ತ್ರ ತೊಟ್ಟ ದೊಡ್ಡ ಡಾಕ್ಟರು. ನಡೆಯಿರಿ ಎಂದು ಅವರು ಹೇಳಿದ್ದು ತುಟಿಯಲ್ಲೇ ತಿಳಿಯಿತು. ಮನೆಯಲ್ಲಿ ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಗೋಡೆ ಹಿಡಿದು ನಿಂತು ನಿಂತು ಹೋಗುವ ಗಂಡ, ಆ ಒಂದು ಮಾತಿಗೆ ಕಂಬ ನುಂಗಿದವನಂತೆ ನಿಗುರಿದ. ಕೈ ಬೀಸಿಕೊಂಡು ಆ ತುದಿಗೆ ಹೋದ, ಹಿಮ್ಮಡಿಯ ಮೇಲೆ ತಿರುಗಿದ, ಕೈ ಬೀಸಿಕೊಂಡು ಬಂದ. ಉಸಿರಿನ ಬಲ ಅಳೆಯಲು ಊದುವ ಯಂತ್ರದ ಮುಂದೆ ಕೂರಿಸಿದಾಗ ಯಂತ್ರ ಕಡಿಮೆ ತೋರಿಸಿತು. ಅವನಿಗೆ ಅದು ಅವಮಾನವಾಯಿತು. ಇನ್ನೊಂದು ಸಲ ಕೊಡಿ ಸರ್ ಎಂದು ಕೇಳಿ ಕೇಳಿ, ಕಣ್ಣುಗುಡ್ಡೆ ಹೊರಬರುವಂತೆ ಊದಿದ. ಸಿಗರೇಟು ಸೇದುತ್ತಿದ್ದಿರಾ ಎಂದು ಕೇಳಿದರು. ಠಾಣೆಯಲ್ಲಿ ಪಡಿತರದ ಜೊತೆ ಕೊಡುತ್ತಿದ್ದದ್ದನ್ನು ಸೇದುತ್ತಿದ್ದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ. ಅವರು ಅದರಲ್ಲಿ ಕೊನೆಯ ಮಾತನ್ನಷ್ಟೇ ಬರೆದುಕೊಂಡರು.

ಹೊರಗೆ ಬಂದವನ ಮುಖದಲ್ಲಿ ಗೆಲುವಿತ್ತು. "ಚೆನ್ನಾಗಿ ಮಾಡಿದೆ ಕಣೇ" ಎಂದ. ಗೇಟು ದಾಟುವವರೆಗೆ ಹಾಗೇ ನಡೆದ. ಕಾವಲುಗಾರನ ಕಣ್ಣು ತಪ್ಪಿದ ಕೂಡಲೇ ಮೋರಿಯ ಕಟ್ಟೆಯ ಮೇಲೆ ಕುಸಿದು ಕೂತ. ತುಟಿ ನೇರಳೆ ಹಣ್ಣು ತಿಂದವನ ತುಟಿಯಂತಾಗಿತ್ತು. ಸೀಟಕ್ಕ ಸೆರಗಿನಿಂದ ಗಾಳಿ ಬೀಸುತ್ತ, ಗಾಜಿನ ಬಾಗಿಲ ಕಡೆ ನೋಡಿದಳು. ಅದರಾಚೆ ಅವರು ಮುಂದಿನವನನ್ನು ನಡೆಸುತ್ತಿದ್ದರು.

ಎರಡನೇ ಸಲ ಹೋಗುವ ಮುಂಚೆ, ಈ ಸಲ ನಿಧಾನವಾಗಿ ನಡೆಯುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಆದರೆ ಹಿಂದಿನ ಸಂಜೆಯೇ ಬೂಟಿಗೆ ಪಾಲಿಶ್ ಹಚ್ಚತೊಡಗಿದಾಗ ಸೀಟಕ್ಕನಿಗೆ ತಿಳಿದುಹೋಯಿತು. ಬೂಟು ಹೊಳೆದ ಮೇಲೆ ಕಾಲು ಅವನ ಮಾತು ಕೇಳುವುದಿಲ್ಲ.

ಈಗ ಆ ಎರಡನೇ ನಡಿಗೆಯ ಫಲ ಅವಳ ಕೈಯಲ್ಲಿತ್ತು. ಕಾಗದ ಹಿಡಿದು ಅವಳು ಹಿಂದಿನ ಕೋಣೆಗೆ ಹೋಗುವಷ್ಟರಲ್ಲಿ ಪಕ್ಕದ ಪಂಕ್ಚರ್ ಅಂಗಡಿಯವನೂ ಬಂದು ಬಾಗಿಲಿಗೆ ಒರಗಿದ್ದ. ಬೀದಿಯಲ್ಲಿ ಯಾರ ಮನೆಗೆ ಲಕೋಟೆ ಬಂದರೂ ಓದಿ ಮುಗಿಯುವವರೆಗೆ ಅವನ ಕೈಗೆ ಕೆಲಸ ಹತ್ತುತ್ತಿರಲಿಲ್ಲ.

"ಅಕ್ಕಾ, ಟ್ಯೂಬಿಗೂ ಮಿಲಿಟ್ರಿಯವರ ಎದೆಗೂ ವ್ಯತ್ಯಾಸ ಇಷ್ಟೇ" ಎಂದ ಅವನು. "ಟ್ಯೂಬನ್ನ ನೀರಲ್ಲಿ ಮುಳುಗಿಸಿದ್ರೆ ತೂತು ಎಲ್ಲಿದೆ ಅಂತ ತಾನೇ ಹೇಳುತ್ತೆ. ಇವರು ಮುಳುಗಿದ್ರೂ ಹೇಳಲ್ಲ."

ಆಮೇಲೆ ಅವನು ಉಪಾಯಗಳನ್ನು ಹೇಳಿಕೊಟ್ಟ. ಬೋರ್ಡಿನ ಮುಂದೆ ತಲೆ ತಿರುಗಿದಂತೆ ಬಿದ್ದುಬಿಡಬೇಕು. ಮೆಣಸಿನಪುಡಿ ಮೂಸಿ ಹೋದರೆ ಕೆಮ್ಮು ನಿಲ್ಲುವುದೇ ಇಲ್ಲ. ಅವನ ಭಾವಮೈದುನನೊಬ್ಬ ಹಾಗೆಯೇ ಮಾಡಿ ರಜೆ ಗಿಟ್ಟಿಸಿದ್ದನಂತೆ.

ಗಂಡ ತಲೆ ಎತ್ತಿದ. ಸುಳ್ಳು ಕಾಯಿಲೆ ತೋರಿಸಿ ಬೇಡುವಷ್ಟು ತಾನಿನ್ನೂ ಇಳಿದಿಲ್ಲ ಎಂದ. ಅಷ್ಟು ಹೇಳಲು ಎರಡು ಕಡೆ ನಿಲ್ಲಬೇಕಾಯಿತು. ತನ್ನಿಂದ ನಾಟಕ ಆಗುವುದಿಲ್ಲ, ಸಿಗದಿದ್ದರೆ ಬೇಡ ಎಂದು ಮುಖ ತಿರುಗಿಸಿದ.

ಸೀಟಕ್ಕನ ಮೈ ಉರಿದುಹೋಯಿತು. ಆದರೂ ದನಿ ಏರಿಸಲಿಲ್ಲ. ಪಂಕ್ಚರಿನವನನ್ನು ಕಣ್ಣಲ್ಲೇ ಹೊರಗೆ ಕಳಿಸಿ, ಗಂಡನ ಎದುರು ನೆಲದ ಮೇಲೆ ಕೂತಳು.

"ನಾಟಕ ಇಲ್ಲಿ ಆಡ್ತಿದೀರಾ, ಅಲ್ಲಿ ಆಡ್ತಿದೀರಾ? ಇಲ್ಲಿ ಗುಂಡಿ ಹಾಕ್ಕೊಳ್ಳೋಕೆ ಉಸಿರಿಲ್ಲ. ಅಲ್ಲಿ ಹೋಗಿ ಪರೇಡು ಮಾಡ್ತೀರ. ಸುಳ್ಳು ಯಾವುದು ರೀ? ನಾನೇನು ಇಲ್ಲದ ಕಾಯಿಲೆ ತೋರಿಸಿ ಅಂದ್ನಾ? ಅಳತೆಗೆ ಬಂದವರು ಸೆಟೆದು ಕೂತ್ರೆ ನಾನು ಟೇಪು ಮಡಚಿಡ್ತೀನಿ. ಅವರು ಸೆಟೆದವರನ್ನೇ ಅಳೆದು ಬರ್ಕೋತಾರೆ. ಅವರಿಗೆ ಅದೇ ಬೇಕು."

ಆಗ ಅವನು, ಇಷ್ಟು ವರ್ಷಗಳಲ್ಲಿ ಹೆಂಡತಿಗೂ ಹೇಳದ ಸಂಗತಿಯೊಂದನ್ನು ಹೇಳಿದ. ಬೆಟ್ಟದ ಮೇಲೆ ಹೋದ ಮೊದಲ ಚಳಿಗಾಲದಲ್ಲಿ ಎದೆ ಹಿಡಿದುಕೊಂಡು ಅವನು ಚಿಕಿತ್ಸೆಯ ಡೇರೆಗೆ ಹೋಗಿದ್ದ. ಅಲ್ಲಿದ್ದ ಅಧಿಕಾರಿ ಒಂದು ಗುಳಿಗೆ ಕೊಟ್ಟು, ನಿಜವಾಗಿ ಕಾಯಿಲೆಯೋ ಸೋಗೋ ನೋಡೋಣ ಎಂದು ಜೊತೆಯವನ ಪಾಳಿಯನ್ನೂ ಅವನ ತಲೆಗೇ ಕಟ್ಟಿದ. ಅದೇ ಹೊಗೆಯ ಕೋಣೆಯಲ್ಲಿ. ಅವನು ಸಾಯಲಿಲ್ಲವಾದ್ದರಿಂದ ಅದು ಸೋಗೇ ಎಂದು ತೀರ್ಮಾನವಾಯಿತು. ಆ ಚಳಿಗಾಲ ಮುಗಿಯುವವರೆಗೆ ಊಟದ ಸಾಲಿನಲ್ಲಿ ಎಲ್ಲರೂ ಅವನನ್ನು ಸೋಗುಗಾರ ಎಂದೇ ಕರೆದರು. ಆಮೇಲೆ ಅವನು ಚಿಕಿತ್ಸೆಯ ಡೇರೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

"ಆ ಡೇರೆ ಈಗಲೂ ನನ್ನೆದುರಿಗೇ ಇದೆ ಕಣೇ" ಎಂದ. "ಆ ಬಟ್ಟೆ ಹಾಕ್ಕೊಂಡವರು ನಡಿ ಅಂದ್ರೆ ಕಾಲು ತಾನಾಗೇ ಹೊರಡುತ್ತೆ."

ಸೀಟಕ್ಕ ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸಿದಳು. ಕಾಯಿಲೆ ಎಂದರೆ ಕಳ್ಳ ಎನ್ನುವುದು. ಹಾಗೆ ಹೆದರಿಸಿ ಬಾಯಿಗೆ ಬೀಗ ಹಾಕಿಸುವುದು. ಆಮೇಲೆ, ಬಾಯಿ ಬಿಟ್ಟ ದಾಖಲೆ ಎಲ್ಲಿದೆ ಎಂದು ಕೇಳುವುದು. ಇದನ್ನು ಯಾರ ಹತ್ತಿರ ಹೋಗಿ ಹೇಳಬೇಕು? ಅವಳು ಎದ್ದು ಅವನ ಅಂಗಿಯ ಗುಂಡಿಗಳನ್ನು ಹಾಕಿದಳು.

ಮೂರನೇ ಬೋರ್ಡಿನ ದಿನ ಅವಳು ಬೂಟುಗಳನ್ನು ಅಂಗಡಿಯ ಅಟ್ಟಕ್ಕೆ ಹಾಕಿ, ಏಣಿಯನ್ನು ಪಂಕ್ಚರಿನವನಿಗೆ ಕೊಟ್ಟುಬಂದಿದ್ದಳು. ಗಂಡ ಗೊಣಗುತ್ತ ಚಪ್ಪಲಿಯಲ್ಲೇ ಹೊರಟ. ಆದರೂ ದಾರಿಯಲ್ಲಿ ಎರಡು ಸಲ ತಲೆ ಬಾಚಿಕೊಂಡ.

ಕಾಯುವ ಕೋಣೆಯಲ್ಲಿ ಬೆಂಚುಗಳ ತುಂಬ ಮಾಜಿ ಸೈನಿಕರು. ಎಲ್ಲರೂ ಎದೆಯ ಕಾಯಿಲೆಯವರೇ, ಆ ದಿನ ಕರೆದದ್ದೇ ಅಂಥವರನ್ನು. ಸೀಟಕ್ಕನಿಗೆ ಏನೋ ವಿಚಿತ್ರವೆನಿಸಿತು, ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಆ ಕೋಣೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಎದೆ ವಿಭಾಗದಲ್ಲಾದರೆ ಪಕ್ಕದವರ ಮಾತು ಕೇಳದಷ್ಟು ಕೆಮ್ಮಿರುತ್ತದೆ. ಇಲ್ಲಿ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ, ಕೈ ಮೊಣಕಾಲ ಮೇಲಿಟ್ಟು, ಗೋಡೆ ನೋಡುತ್ತ ಕೂತಿದ್ದರು. ಆಗಾಗ ಒಬ್ಬೊಬ್ಬರು ಮುಖ ಕೆಂಪು ಮಾಡಿಕೊಂಡು ಏಳುವರು, ಸ್ವಲ್ಪ ಹೊರಗೆ ಹೋಗಿ ಬರುತ್ತೇನೆ ಎನ್ನುವರು, ತಿರುಗಿ ಬಂದು ಕೂರುವರು.

ಗಂಡನೂ ಹಾಗೆಯೇ ಎದ್ದುಹೋದ. ಬರುವುದು ತಡವಾದಾಗ ಅವಳು ಹುಡುಕಿಕೊಂಡು ಹೊರಟಳು. ಸೈಕಲ್ ನಿಲ್ಲಿಸುವ ಚಪ್ಪರದ ಹಿಂದೆ, ಗೋಡೆಯ ಮರೆಯಲ್ಲಿ, ಅವರೆಲ್ಲ ಇದ್ದರು. ಗೋಡೆ ಹಿಡಿದವರು, ಸೈಕಲ್ಲಿನ ಸೀಟು ಹಿಡಿದವರು, ಕುಕ್ಕರುಗಾಲಲ್ಲಿ ಕೂತವರು. ಕರುಳು ಕಿತ್ತು ಬರುವಂತೆ ಕೆಮ್ಮುತ್ತಿದ್ದರು. ಕಚೇರಿಯ ಗುಮಾಸ್ತ ಅತ್ತ ಹಾದುಹೋದಾಗ ಸನ್ನೆ ಮಾಡಿದಂತೆ ಎಲ್ಲರೂ ಬಾಯಿ ಮುಚ್ಚಿ, ಕರ್ಚೀಫು ಜೇಬಿಗಿಳಿಸಿ, ಬಿಸಿಲು ಕಾಯಿಸುತ್ತಿರುವವರಂತೆ ನಿಂತರು. ಅವನು ಮರೆಯಾದ ಮೇಲೆ ಮತ್ತೆ ಶುರು.

ಅಷ್ಟರಲ್ಲಿ ಒಳಗಿನಿಂದ ಒಬ್ಬ ಮುದುಕ ಬಂದ. ನೆರೆತ ಮೀಸೆ ತಿರುವಿಕೊಂಡಿದ್ದ. ಅವನ ಹಿಂದೆಯೇ ಹೆಂಡತಿ ಚೀಲ ಹಿಡಿದು ಬರುತ್ತಿದ್ದಳು.

"ಪಾಸಾದೆ" ಎಂದ ಮುದುಕ. "ಈ ವಯಸ್ಸಲ್ಲೂ ಹೇಗೆ ನಡೀತೀರ ಅಂತ ಡಾಕ್ಟರೇ ಕೇಳಿದ್ರು."

ಚಪ್ಪರದ ಹಿಂದಿನವರು ಅವನ ಕೈ ಕುಲುಕಿದರು. ಒಬ್ಬ ಬೆನ್ನು ತಟ್ಟಿದ. ಮುದುಕನ ಹೆಂಡತಿ ಚೀಲವನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಆ ಮುಖ ನೋಡಿದ ಮೇಲೆ ಸೀಟಕ್ಕನಿಗೆ ತಡೆಯಲಾಗಲಿಲ್ಲ.

"ಏನು ಪಾಸಾದ್ರಿ ಅಣ್ಣಾ?" ಎಂದು ಕೇಳಿದಳು. "ಆ ಪಾಸು ತಗೊಂಡು ಎಲ್ಲಿಗೆ ಹೋಗ್ತೀರ? ಅಕ್ಕನ ಮುಖ ನೋಡಿ ಹೇಳಿ. ರಾತ್ರಿಯೆಲ್ಲ ಬೆನ್ನು ಉಜ್ಜಿ ನಿಮ್ಮನ್ನ ಕೂರಿಸಿಕೊಂಡಿರೋರು ಅವರು ತಾನೇ? ಅವರೂ ಪಾಸಾದ್ರಾ?"

ಮುದುಕನ ಕೈ ಮೀಸೆಯಿಂದ ಕೆಳಗಿಳಿಯಿತು. ಅವನ ಹೆಂಡತಿ, ಯಾರನ್ನೂ ನೋಡದೆ, ಇವರ ಗುಳಿಗೆಗೆ ಮಗಳು ಕಾಲೇಜು ಬಿಟ್ಟಳು ಎಂದು ಮೆಲ್ಲಗೆ ಹೇಳಿದಳು. ಮುದುಕ ಚೀಲವನ್ನು ಅವಳ ಕೈಯಿಂದ ತಾನು ತೆಗೆದುಕೊಳ್ಳಲು ನೋಡಿದ, ಅವಳು ಕೊಡಲಿಲ್ಲ.

ಗಂಡ ಇದನ್ನೆಲ್ಲ ಗೋಡೆಗೆ ಒರಗಿ ನೋಡುತ್ತಿದ್ದ. ಆಗಲೇ ಒಳಗಿನಿಂದ ಅವನಿಗೆ ಕರೆ ಬಂತು.

ಈ ಸಲ ಸೀಟಕ್ಕ ಗಾಜಿನ ಬಾಗಿಲಲ್ಲಿ ನಿಲ್ಲಲಿಲ್ಲ. ಹೆಂಗಸರಿಗೆ ಪ್ರವೇಶವಿಲ್ಲ ಎಂದು ಗುಮಾಸ್ತ ಅಡ್ಡ ಬಂದಾಗ, ಒಳಗೆ ದೊಡ್ಡ ಡಾಕ್ಟರ ಪಕ್ಕದಲ್ಲಿ ಕೂತಿದ್ದ ಹೊಸ ಡಾಕ್ಟರಮ್ಮನನ್ನು ಬೆರಳಿಂದ ತೋರಿಸಿ, ಅವರು ಹೇಗೆ ಹೋದರೋ ಹಾಗೇ ಹೋಗುತ್ತೇನೆ ಎಂದಳು. ಗುಮಾಸ್ತ ಏನು ಹೇಳುವುದೆಂದು ಯೋಚಿಸುತ್ತಿರುವಾಗಲೇ ಅವಳು ಒಳಗಿದ್ದಳು.

ದೊಡ್ಡ ಡಾಕ್ಟರು ತಲೆ ಎತ್ತದೆ, ನಡೆಯಿರಿ ಎಂದರು.

ಗಂಡ ನಿಗುರಿದ. ಚಪ್ಪಲಿಯಲ್ಲೇ ಹಿಮ್ಮಡಿ ಕೂಡಿಸಿ, ಕೈ ಬೀಸಿ ಹೊರಟ. ಸೀಟಕ್ಕ ಕಣ್ಣು ಮುಚ್ಚಿಕೊಂಡಳು. ಇನ್ನು ಮೂರನೇ ಕಾಗದವೂ ಬರುತ್ತದೆ, ಅದರಲ್ಲೂ ಲವಲವಿಕೆ ಇರುತ್ತದೆ, ಆಮೇಲೆ ಕೇಳಲು ಬಾಗಿಲೇ ಇರುವುದಿಲ್ಲ. ಚಪ್ಪಲಿಯ ಸದ್ದು ಆ ತುದಿಗೆ ಹೋಯಿತು, ತಿರುಗಿತು, ಇತ್ತ ಬರತೊಡಗಿತು. ನಡುವೆ ನಿಂತಿತು.

ಅವಳು ಕಣ್ಣು ತೆರೆದಳು. ಗಂಡ ಪಡಸಾಲೆಯ ಮಧ್ಯದಲ್ಲಿ ನಿಂತಿದ್ದ. ಬಿದ್ದಿರಲಿಲ್ಲ, ಬೀಳುವಂತೆಯೂ ಇರಲಿಲ್ಲ. ಇನ್ನೂ ನಾಲ್ಕು ಹೆಜ್ಜೆ ಎಳೆಯಬಹುದಿತ್ತು ಎಂದು ಅವಳಿಗೆ ಗೊತ್ತು, ಅವನಿಗೂ ಗೊತ್ತು. ಅವನು ಒಂದು ಕೈಯನ್ನು ಗೋಡೆಗೆ ಕೊಟ್ಟ. ನಿಧಾನವಾಗಿ ಮೊಣಕಾಲು ಮಡಚಿ ನೆಲದ ಮೇಲೆ ಕೂತ. ತಲೆ ತಗ್ಗಿಸಿ, ಬಾಯಿ ಅಗಲಿಸಿ, ಮನೆಯಲ್ಲಿ ಬಸ್ಸಿನ ಸೀಟಿನ ಮೇಲೆ ಕೂತು ಸೇದುವ ಹಾಗೆ, ಸದ್ದು ಮಾಡಿಕೊಂಡು ಉಸಿರು ಸೇದತೊಡಗಿದ.

ದೊಡ್ಡ ಡಾಕ್ಟರು ಈಗ ತಲೆ ಎತ್ತಿದರು. "ಕೂರೋಕೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸರ್. ನನ್ನಿಂದ ಆಗಲ್ಲ."

ಆ ಮಾತು ಹೇಳುವಾಗ ಅವನ ಮುಖದ ಮೇಲಿದ್ದದ್ದನ್ನು ಸೀಟಕ್ಕ ಹಿಂದೆಂದೂ ಕಂಡಿರಲಿಲ್ಲ. ನಾಚಿಕೆ ಇತ್ತು, ಬಹಳ ಇತ್ತು. ಆದರೂ ಅವನು ಏಳಲಿಲ್ಲ.

ಹೊಸ ಡಾಕ್ಟರಮ್ಮ ಎದ್ದುಬಂದು ಅವನ ಪಕ್ಕದಲ್ಲೇ ಕೂತು ಬೆರಳಿಗೆ ರಕ್ತದ ಆಮ್ಲಜನಕ ತೋರಿಸುವ ಕ್ಲಿಪ್ಪು ಸಿಕ್ಕಿಸಿದಳು. ಹಿಂದಿನ ಎರಡು ಸಲವೂ ಅದನ್ನು ನಡೆಯುವ ಮುಂಚೆ, ಕುರ್ಚಿಯಲ್ಲಿ ಕೂರಿಸಿ ಹಾಕಿ ತೆಗೆದಿದ್ದರು. ಅವಳು ಅದರ ಅಂಕಿ ನೋಡಿ, ಮತ್ತೊಮ್ಮೆ ನೋಡಿದಳು, ಕ್ಲಿಪ್ಪು ಬೇರೆ ಬೆರಳಿಗೆ ಬದಲಿಸಿದಳು, ಎದೆಗೆ ಬೆನ್ನಿಗೆ ಕೊಳವೆ ಇಟ್ಟು ಆಲಿಸಿದಳು. ನೀರು ಬೇಕೇ ಎಂದು ಕೇಳಿದಳು. ಬೋರ್ಡಿನಲ್ಲಿ ಅವನನ್ನು ಯಾರಾದರೂ ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದು. ಆಮೇಲೆ ಎದ್ದುಹೋಗಿ ದೊಡ್ಡ ಡಾಕ್ಟರ ಕಿವಿಯ ಹತ್ತಿರ ಏನೋ ಹೇಳಿದಳು.

ದೊಡ್ಡ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಇಷ್ಟು ಇದ್ದರೆ ಮೊದಲ ಸಲವೇ ಹೇಳಬೇಕಿತ್ತು. ನಮ್ಮ ಸಮಯ ಯಾಕ್ರೀ ಹಾಳು ಮಾಡಿದ್ದು?"

ಸೀಟಕ್ಕನ ನಾಲಿಗೆಯ ತುದಿಗೆ ಬಂದ ಮಾತನ್ನು ಸಾಲಿನ ಲಾರಿಯವರೇ ಕೇಳಿದ್ದರೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಗಂಡ ನೆಲದಿಂದಲೇ ಮಾತಾಡಿದ. ಒಂದೇ ಉಸಿರಿಗೆ ಆಗುವ ಮಾತಾಗಿರಲಿಲ್ಲ, ತಡೆತಡೆದು ಹೇಳಿದ.

"ಹೇಳಿದ್ದೆ ಸರ್. ಮೊದಲ ಚಳಿಗಾಲದಲ್ಲೇ ಹೇಳಿದ್ದೆ. ಸೋಗು ಅಂದ್ರಿ. ಹೇಳಬಾರದು ಅಂತ ಕಲಿಸಿದವರು ನೀವು. ಚೆನ್ನಾಗಿ ಕಲ್ತೆ. ಅದಕ್ಕೆ ಈಗ ದಾಖಲೆ ಇಲ್ಲ."

ದೊಡ್ಡ ಡಾಕ್ಟರು ಬರೆಯತೊಡಗಿದರು.

ನಿರ್ಧಾರವನ್ನು ಗುಮಾಸ್ತ ತನ್ನ ಮೇಜಿನಲ್ಲಿ ಓದಿ ಹೇಳಿದ. ಶ್ವಾಸಕೋಶದ ಕಾಯಿಲೆ ಸೇವೆಯಿಂದ ಬಂದದ್ದು ಎಂದು ಒಪ್ಪಿದ್ದಾರೆ. ಆಸ್ಪತ್ರೆಯ ಕಾರ್ಡು ಬರುತ್ತದೆ, ಆಮ್ಲಜನಕದ ಯಂತ್ರ ಅದರ ಹಿಂದೆಯೇ ಬರುತ್ತದೆ. ಹೃದಯದ್ದನ್ನು ಒಪ್ಪಿಲ್ಲ. ಅದು ಸಿಗರೇಟಿನಿಂದ ಬಂದದ್ದಿರಬಹುದು, ಸ್ವಂತ ಚಟ, ಸೇನೆಗೆ ಸಂಬಂಧವಿಲ್ಲ. ಅದರ ಗುಳಿಗೆ, ಅದರ ತಪಾಸಣೆ ಕಾರ್ಡಿನಲ್ಲಿ ಸೇರುವುದಿಲ್ಲ. ಒಂದನ್ನು ಒಪ್ಪಿರುವುದರಿಂದ, ಇನ್ನೊಂದಕ್ಕೆ ಬೇಕಿದ್ದರೆ ಬೇರೆ ತಕರಾರು ಅರ್ಜಿ ಹಾಕಬಹುದು.

"ಅರ್ಧ ಆದ್ರೂ ಆಯ್ತಲ್ಲ, ಸಂತೋಷಪಡಿ ಅಮ್ಮಾ" ಎಂದ ಗುಮಾಸ್ತ. ಅವನು ಕೆಟ್ಟವನೇನಲ್ಲ. ಆ ದಿನ ಅಷ್ಟಾದರೂ ಸಿಕ್ಕಿದವರು ಕಡಿಮೆ ಎಂದು ಅವನಿಗೆ ಗೊತ್ತಿತ್ತು.

ಸೀಟಕ್ಕ ಸಂತೋಷಪಡಲು ಪ್ರಯತ್ನಿಸಿದಳು. ಯಂತ್ರ ಬರುತ್ತದೆ. ಗಂಡ ಮಲಗಿ ನಿದ್ದೆ ಮಾಡಿಯಾನು. ಅದು ಸಣ್ಣದಲ್ಲ. ಆದರೆ ಒಳಗಿನ ಉರಿ ಆರಲಿಲ್ಲ. "ಪಡಿತರದ ಜೊತೆ ಸಿಗರೇಟು ಹಂಚಿದವರು ಯಾರು? ಸೇದು ಅಂತ ಕೊಟ್ಟವರೂ ನೀವೇ, ಸೇದಿದ ಅಂತ ಬರೆಯೋರೂ ನೀವೇ. ಒಂದೇ ಎದೆ ಒಳಗಿರೋ ಎರಡರಲ್ಲಿ ಒಂದು ನಿಮ್ಮದು, ಒಂದು ನಮ್ಮದಾ?"

ಅದನ್ನು ಒಳಗಿನವರು ತೀರ್ಮಾನಿಸುವುದು, ತಾನಲ್ಲ ಎಂದ ಗುಮಾಸ್ತ. ಮನೆಗೆ ಹೋಗಿ ನಾಲ್ಕು ದಿನ ಸುಧಾರಿಸಿಕೊಂಡು, ತಿಳಿದವರ ಕೈಯಲ್ಲಿ ಬರೆಸಿ ಕಳಿಸಿ, ಅವಸರವೇನಿಲ್ಲ ಎಂದು ಸಲಹೆಯನ್ನೂ ಕೊಟ್ಟ.

ಸೀಟಕ್ಕ ಗಂಡನ ತೋಳು ಹಿಡಿದು ಹೊರಡಲು ನೋಡಿದಳು. ಅವನು ಕದಲಲಿಲ್ಲ. ಇಲ್ಲಿಯವರೆಗಿನ ಅರ್ಜಿಗಳನ್ನೆಲ್ಲ ಅವಳೇ ಬರೆದಿದ್ದಳು. ಅವನು ಓದದೆ, ಬೇಡವಾದ ಮದುವೆಗೆ ಒಪ್ಪಿದವನಂತೆ, ಕೆಳಗೆ ಹೆಸರು ಗೀಚಿ ಕೊಡುತ್ತಿದ್ದ. ಈಗ ಅವನು ಗುಮಾಸ್ತನ ಮೇಜಿನ ಪಕ್ಕದ ಕುರ್ಚಿಯನ್ನು ಎಳೆದು, ಯಾರನ್ನೂ ಕೇಳದೆ ಕೂತ. ಒಂದು ಹಾಳೆ ಕೊಡಿ ಎಂದ. ಪೆನ್ನನ್ನು ಹೆಂಡತಿಯ ಕಡೆ ಚಾಚಿದ.

"ಬರಿ. ನಾನು ಹೇಳ್ತೀನಿ."

ಅವಳು ಮೇಜಿಗೆ ಬಾಗಿದಳು. ಅವನು ಠಾಣೆಯ ಹೆಸರು ಹೇಳಿದ. ನಿಂತ. ಕೋಣೆಗೆ ಕಿಟಕಿ ಇರಲಿಲ್ಲ ಎಂದ. ನಿಂತ. ಕೊಳವೆಗೆ ಹಿಮ ಕಟ್ಟುತ್ತಿತ್ತು, ಅದನ್ನು ಒಡೆಯಲು ಹಾರೆ ಹಿಡಿದು ನಾನೇ ಏರುತ್ತಿದ್ದೆ ಎಂದ. ಈ ಸಲ ಬಹಳ ಹೊತ್ತು ನಿಂತ. ಕೆಮ್ಮು ಬಂತು, ಅದನ್ನು ಬರಗೊಟ್ಟ. ಹಿಂದೆ ಸಾಲು ಬೆಳೆಯುತ್ತಿತ್ತು. ಗುಮಾಸ್ತ ಗಡಿಯಾರ ನೋಡಿದ, ಸಾಲು ನೋಡಿದ, ಬೆರಳುಗಳಿಂದ ಮೇಜು ತಟ್ಟಿದ, ಉಳಿದದ್ದನ್ನು ಮನೆಯಲ್ಲಿ ಬರೆದರಾಗದೇ ಎಂದು ಕೇಳಲು ಬಾಯಿ ತೆರೆದ.

ಸೀಟಕ್ಕ ಪೆನ್ನನ್ನು ಹಾಳೆಯಿಂದ ಎತ್ತದೆ, ತಲೆಯನ್ನೂ ಎತ್ತದೆ ಹೇಳಿದಳು.

"ಕಾಯಿರಿ. ಉಸಿರು ತಗೋತಿದಾರೆ."